ಟಿವಿಯೊಳಗಿನ ಘಾಟಿ ರಸ್ತೆ

ಊರಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರಿನ ಮೋಟಾರು ಎಲ್ಲವೂ ಕೆಟ್ಟ ಮೇಲೆ ಒಮ್ಮೆ ಅವನ ಕೈಗೆ ಬಂದು ಹೋಗುತ್ತಿದ್ದವು. ಕೆಲವು ಸರಿಯಾಗಿ ಹೋಗುತ್ತಿದ್ದವು, ಉಳಿದವು ಸುಮ್ಮನೆ ಹೋಗುತ್ತಿದ್ದವು. ಹಾಗಾಗಿ ಜನ ಅವನನ್ನು ರಿಪೇರಿ ಎಂದೇ ಕರೆಯುತ್ತಿದ್ದರು. ಅವನ ಅಂಗಡಿ ಎಂದರೆ ಮಾವನ ಮನೆಯ ಮುಂದಿನ ಕೋಣೆ. ಸಂಸಾರ ಎಂದರೆ ಅದೇ ಮನೆಯ ಹಿಂದಿನ ಕೋಣೆ. ಎರಡರ ನಡುವಿನ ಹಜಾರ, ಅಡುಗೆಮನೆ, ಹಿತ್ತಲು ಮಾವ ಅತ್ತೆಯರದು. ಮದುವೆಯಾದ ಹೊಸದರಲ್ಲಿ, ಬೇರೆ ಮನೆ ಸಿಗುವ ತನಕ ಇರುತ್ತೇನೆಂದು ಒಂದು ಟ್ರಂಕು ಹಿಡಿದು ಬಂದವನು ಇನ್ನೂ ಮನೆ ಹುಡುಕುತ್ತಲೇ ಇದ್ದ. ಕುಳಿತಲ್ಲಿಂದಲೇ ಹುಡುಕುತ್ತಿದ್ದುದರಿಂದ ಸ್ವಲ್ಪ ತಡವಾಗುತ್ತಿತ್ತು.

ಈ ವಿಷಯದಲ್ಲಿ ಅತ್ತೆಯದು ನೇರ ಮಾತು. "ನಾವು ಇಲ್ಲಿರೋ ತನಕ ನೀವೂ ಇರಿ ಅಳಿಯಂದ್ರೇ, ಬೇಡ ಅನ್ನೋರು ಯಾರು. ನಾವು ಮಗನ ಮನೆ ಸೇರಿದ ದಿನ ಇದನ್ನ ಬಾಡಿಗೆಗೆ ಕೊಟ್ಟುಬಿಡೋದು. ಆಗ ನಮ್ಮನ್ನ ಏನೂ ಅನ್ಕೋಬಾರದು." ಮಗ ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟು, ಅದರ ಮೇಲೆಯೇ ಮನೆ ಕಟ್ಟಿಸಿಕೊಂಡಿದ್ದ. ಬಂದುಬಿಡಿ ಎಂದು ತಂದೆತಾಯಿಯನ್ನು ಕರೆಯುತ್ತಲೂ ಇದ್ದ. ಅವರು ಬರುವುದಿಲ್ಲ ಎಂಬ ಧೈರ್ಯವಿದ್ದುದರಿಂದ ತುಂಬು ಮನಸ್ಸಿನಿಂದ ಕರೆಯುತ್ತಿದ್ದ. ಆದರೂ ಮಾವನನ್ನು ಇದೇ ಮನೆಯಲ್ಲಿ ಸಂತೋಷವಾಗಿ ಇಟ್ಟುಕೊಳ್ಳುವುದು ರಿಪೇರಿಯ ಪಾಲಿಗೆ ಬರೀ ಗೌರವದ ಪ್ರಶ್ನೆಯಾಗಿರಲಿಲ್ಲ, ತಲೆಯ ಮೇಲಿನ ಸೂರಿನ ಪ್ರಶ್ನೆಯಾಗಿತ್ತು.

ಮಾವನನ್ನು ಸಂತೋಷವಾಗಿ ಇಡುವುದು ಸುಲಭದ ಕೆಲಸವಲ್ಲ. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಬೆಳಿಗ್ಗೆ ಎದ್ದು, ಖಾಕಿ ಅಂಗಿ ತೊಟ್ಟು, ಬಸ್ ನಿಲ್ದಾಣಕ್ಕೆ ಹೋಗಿ ನಿಂತುಬಿಡುತ್ತಿದ್ದರು. ಒಂದು ದಿನ ಡಿಪೊದ ಕಂಟ್ರೋಲರು ತಾನೇ ಮನೆಗೆ ಬಂದು, ಕಾಫಿ ಮುಗಿಯುವ ತನಕ ಬೇರೆ ಮಾತಾಡಿ, ಲೋಟ ಕೆಳಗಿಟ್ಟು ಹೇಳಿದ: "ಅಮ್ಮಾ, ಯಜಮಾನರು ನಮ್ಮ ಡ್ರೈವರುಗಳಿಗೆ ದಿನಾ ರಿವರ್ಸ್ ಹೇಳಿಕೊಡ್ತಾರೆ. ಹೇಳೋದು ಸರಿಯಾಗೇ ಇರುತ್ತೆ. ಆದ್ರೆ ಅವರು ನಿಲ್ಲೋದು ಬಸ್ಸಿನ ಹಿಂದೆ."

ಅಂಥ ಹೊತ್ತಿನಲ್ಲಿ ರಿಪೇರಿಗೆ ನೆನಪಾದದ್ದು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಒಂದು ಕರಿ ಪೆಟ್ಟಿಗೆ. ಟಿವಿಗೆ ಸಿಕ್ಕಿಸಿ ಆಡುವ ಗೇಮಿನ ಯಂತ್ರ. ಜೊತೆಗೆ ಕೈಯಲ್ಲಿ ಹಿಡಿಯಲು ನಿಜವಾದ ಸ್ಟೀರಿಂಗು, ಕಾಲಿಗೆ ಬ್ರೇಕು. ಸರಿಮಾಡಲೆಂದು ಕೊಟ್ಟ ಗಿರಾಕಿ ಊರು ಬಿಟ್ಟು ಹೋಗುವಾಗ, ಅದನ್ನು ನೀನೇ ಇಟ್ಟುಕೋ ಎಂದಿದ್ದ. ಒಳಗೆ ಇದ್ದದ್ದು ಬಸ್ಸು ಓಡಿಸುವ ಆಟ. ರಿಪೇರಿ ಅದನ್ನು ಬಿಚ್ಚಿ, ಧೂಳು ಊದಿ, ಮತ್ತೆ ಮುಚ್ಚಿದ. ಅದು ನಡೆಯಿತು. ಯಾಕೆ ಕೆಟ್ಟಿತ್ತು, ಯಾಕೆ ಸರಿಹೋಯಿತು ಎಂಬುದನ್ನು ಪೆಟ್ಟಿಗೆಯೇ ಬಲ್ಲದು.

"ಮಾವ, ನಿಮಗೋಸ್ಕರ ಅಂತಲೇ ತರಿಸಿದೆ. ಕಂಪನಿಯಲ್ಲಿ ನಮ್ಮೋರಿದ್ದಾರೆ" ಅಂದ.

ಅಂದಿನಿಂದ ಹಜಾರ ಬಸ್ಸಾಯಿತು. ಮಾವ ವೇಳಾಪಟ್ಟಿ ಪ್ರಕಾರ ಓಡಿಸತೊಡಗಿದರು. ಅವರ ಜೊತೆ ದುಡಿದಿದ್ದ ನಿವೃತ್ತ ಕಂಡಕ್ಟರು ಬಂದು ಬಾಗಿಲ ಪಕ್ಕ ನಿಂತು, ಒರಗಲು ಗೋಡೆಯಿದ್ದರೂ ಒಂದು ಕೈಯಿಂದ ಕಿಟಕಿ ಸರಳು ಹಿಡಿದುಕೊಂಡ. ಹಿಂದಿನ ಬೆಂಚಿನ ಮೇಲೆ ಅಕ್ಕಪಕ್ಕದವರು, ಹಳೆಯ ಡ್ರೈವರುಗಳು ಬಂದು ಕೂತರು. ಅತ್ತೆ ಒಗೆದ ಬಟ್ಟೆ ಹೊತ್ತು ಟಿವಿಯ ಮುಂದೆ ಹಾದುಹೋದರೆ ಮಾವ ಬ್ರೇಕು ತುಳಿಯುತ್ತಿದ್ದರು. ಬೆಂಚಿನವರು ಮುಂದಕ್ಕೆ ವಾಲುತ್ತಿದ್ದರು. "ಅಡ್ಡ ಬರೋ ಮೊದಲು ಎರಡೂ ಕಡೆ ನೋಡಬಾರದೇನೇ" ಎಂದು ಮಾವ ಬೈದರೆ, "ನಲವತ್ತು ವರ್ಷದಿಂದ ಇದು ನನ್ನ ಹಜಾರ" ಎಂದು ಅತ್ತೆ ಉತ್ತರ ಕೊಡುತ್ತಿದ್ದರು. ಬೈಗುಳ ಇತ್ತು, ಕಾಫಿ ಖರ್ಚು ಹೆಚ್ಚಿತ್ತು, ಆದರೆ ಮಾವ ಮನೆಯಲ್ಲಿದ್ದರು. ರಿಪೇರಿ ನೆಮ್ಮದಿಯಾಗಿ ಮಿಕ್ಸಿ ಬಿಚ್ಚಿದ.

ಹೀಗಿರುವಾಗ ಆಟದಲ್ಲಿ ಒಂದು ಚಿತ್ರ ಕಾಣಿಸಿಕೊಂಡಿತು. ಕಡಿದಾದ ಗುಡ್ಡ, ಹಾವಿನಂಥ ರಸ್ತೆ, ತಿರುವಿನಲ್ಲಿ ಒಂದು ಕೆಂಪು ಬಸ್ಸು, ಕೆಳಗೆ ಮಂಜು. ಹೊಸ ಘಾಟಿ ರಸ್ತೆ ಬಂದಿದೆ, ಇಳಿಸಿಕೊಳ್ಳಿ ಎಂದಿತ್ತು. ಈ ಆಟದ ಕಂಪನಿಯವರ ಪದ್ಧತಿಯೇ ಹಾಗೆ. ಆಟವನ್ನು ಒಮ್ಮೆ ಪೂರ್ತಿ ಮಾರುತ್ತಾರೆ. ಆಮೇಲೆ ಅದು ಪೂರ್ತಿಯಾಗಿರಲಿಲ್ಲ ಎಂದು ನೆನಪಾಗಿ, ಉಳಿದದ್ದನ್ನು ತುಂಡು ತುಂಡಾಗಿ ಮಾರುತ್ತಾರೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಜೋಡಿಸಿಕೊಳ್ಳಬೇಕು.

ಮಾವ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಘಾಟಿಯ ರೂಟಿನಲ್ಲೇ ಅವರ ಕೂದಲು ಬೆಳ್ಳಗಾಗಿದ್ದು. "ಎರಡನೇ ಗೇರಲ್ಲಿ ಹತ್ತಬೇಕು ಇದನ್ನ" ಎಂದು ಮೆಲ್ಲಗೆ ಅಂದರು.

"ಅದಕ್ಕೇನು ಮಾವ, ನಾಳೆ ಸಾಯಂಕಾಲದೊಳಗೆ ತರಿಸ್ತೀನಿ" ಎಂದ ರಿಪೇರಿ, ಇಡೀ ಬೆಂಚು ಕೇಳುವಂತೆ.

ಮರುದಿನ ಪೇಟೆಯ ಗೇಮ್ ಅಂಗಡಿಗೆ ಹೋದ. ಅಂಗಡಿಯಾಕೆ ಕೌಂಟರಿನ ಮೇಲೆ ಊಟದ ಡಬ್ಬಿ ಬಿಚ್ಚಿಕೊಂಡಿದ್ದಳು. ತಲೆ ಎತ್ತದೆ ಕೇಳಿದಳು: "ನಿಮ್ಮದು ಕರಿ ಪೆಟ್ಟಿಗೆನೋ, ಬಿಳಿ ಪೆಟ್ಟಿಗೆನೋ?"

"ಕರಿದು."

"ಹಾಗಾದ್ರೆ ಇಲ್ಲ. ಘಾಟಿ ಒಂದು ವರ್ಷ ಬಿಳಿ ಪೆಟ್ಟಿಗೆಯವರಿಗೆ ಮಾತ್ರ. ಆಮೇಲೆ ನಿಮಗೆ."

"ನಮಗೆ ರಸ್ತೆ ಇನ್ನೂ ಮಾಡಿಲ್ವಾ?"

"ಮಾಡಿ ಇಟ್ಟಿದ್ದಾರೆ. ಕೊಡಲ್ಲ ಅಷ್ಟೆ."

"ಯಾಕಮ್ಮ?"

"ಬಿಳಿ ಪೆಟ್ಟಿಗೆ ಮಾಡೋರು ಆಟದ ಕಂಪನಿಗೆ ದುಡ್ಡು ಕೊಟ್ಟಿದ್ದಾರೆ, ಒಂದು ವರ್ಷ ಬೇರೆಯವರಿಗೆ ಕೊಡಬೇಡಿ ಅಂತ."

"ನಾನೂ ದುಡ್ಡು ಕೊಡ್ತೀನಲ್ಲ."

ಆಕೆ ಮೊದಲ ಸಲ ತಲೆ ಎತ್ತಿ, ಕರುಣೆಯಿಂದ ನೋಡಿದಳು. "ನೀವು ಕೊಡೋದು ನಿಮಗೆ ರಸ್ತೆ ಸಿಗೋದಕ್ಕೆ. ಅವರು ಕೊಟ್ಟಿರೋದು ನಿಮಗೆ ಸಿಗದೆ ಇರೋದಕ್ಕೆ. ಅದರ ರೇಟೇ ಬೇರೆ."

ಈ ಮಾತನ್ನು ಹಾಗೇ ತಂದು ಮಾವನಿಗೆ ಒಪ್ಪಿಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹಿಂದಿನ ದಿನ ತರಿಸುತ್ತೇನೆಂದವನು ಇಂದು ಬರಿಗೈಲಿ ಬಂದು, ಅದೂ ಕಂಪನಿಯಲ್ಲಿ ನಮ್ಮವರನ್ನು ಇಟ್ಟುಕೊಂಡು, ನಮ್ಮ ಪೆಟ್ಟಿಗೆ ಎರಡನೇ ಪಂಕ್ತಿಯದು ಎಂದು ಹೇಗೆ ಹೇಳುತ್ತಾನೆ? ಇನ್ನೊಂದು ವಿಷಯವೂ ಇತ್ತು. ಬಿಳಿ ಪೆಟ್ಟಿಗೆ ಟೈಲ್ಸ್ ಭಾವಮೈದುನನ ಮನೆಯಲ್ಲಿತ್ತು. ಘಾಟಿ ಅಲ್ಲಿ ಸಿಗುತ್ತದೆ ಎಂದು ಗೊತ್ತಾದರೆ ಮಾವ ಅಲ್ಲಿಗೇ. ಮಾವ ಅಲ್ಲಿಗೆಂದರೆ ಈ ಮನೆ ಬಾಡಿಗೆಗೆ.

ಮನೆಗೆ ಬಂದಾಗ ಬೆಂಚು ತುಂಬಿತ್ತು. ಮಾವ ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಕೂತಿದ್ದರು. ಟಿವಿಯಲ್ಲಿ ಆಟದ ನಕ್ಷೆ. ಘಾಟಿ ರಸ್ತೆ ಬೂದು ಗೆರೆಯಾಗಿ ಕಾಣುತ್ತಿತ್ತು, ಅದರ ಬುಡದಲ್ಲಿ ಸಣ್ಣ ಬೀಗದ ಚಿತ್ರ.

"ಗೇಟು ಹಾಕಿದ್ದಾರೆ" ಎಂದ ಕಂಡಕ್ಟರು. "ಅರಣ್ಯದೋರೇ ಇರಬೇಕು."

"ಅರಣ್ಯದೋರಾದ್ರೆ ರಾತ್ರಿ ಮಾತ್ರ ಹಾಕ್ತಾರೆ. ಹಗಲು ಯಾಕೆ?" ಎಂದರು ಮಾವ. "ಏನಂತೆ ಅಳಿಯಂದ್ರೇ?"

ಬೆಂಚಿನವರೆಲ್ಲ ಇವನತ್ತ ತಿರುಗಿದರು. "ಗುಡ್ಡ ಕುಸಿದಿದೆಯಂತೆ ಮಾವ" ಎಂದುಬಿಟ್ಟ ರಿಪೇರಿ. "ಮಣ್ಣು ತೆಗೀತಿದ್ದಾರೆ. ಒಂದು ವರ್ಷ ಆಗುತ್ತಂತೆ."

ಬೇರೆ ಯಾವ ಮನೆಯಲ್ಲಾದರೂ ಜನ ನಕ್ಕುಬಿಡುತ್ತಿದ್ದರು. ಇಲ್ಲಿ ಕೂತವರು ಅರ್ಧ ಜೀವನವನ್ನು ಮುಚ್ಚಿದ ರಸ್ತೆಯ ಮುಂದೆ ಕಾಯುತ್ತ, ಇನ್ನರ್ಧವನ್ನು ಸುತ್ತಿಬಳಸಿ ಹೋಗುತ್ತ ಕಳೆದವರು. ಗುಡ್ಡ ಎಂದ ಮೇಲೆ ಕುಸಿಯಲೇಬೇಕು, ಅದು ಟಿವಿಯೊಳಗಿದ್ದರೇನು. ಕುಸಿದದ್ದನ್ನು ಒಬ್ಬನೂ ಪ್ರಶ್ನಿಸಲಿಲ್ಲ. ಎಲ್ಲಿ ಎಂದು ಮಾತ್ರ ಕೇಳಿದರು.

"ಯಾವ ತಿರುವಲ್ಲಿ?" ಎಂದರು ಮಾವ.

"ಮೂರನೇದು."

"ಒಳಮಗ್ಗುಲೋ, ಹೊರಮಗ್ಗುಲೋ?"

"ಎರಡೂ" ಎಂದ ರಿಪೇರಿ, ಯಾವುದಕ್ಕೂ ಇರಲಿ ಎಂದು.

"ಎರಡೂ ಕಡೆ ಹೋದ್ರೆ ಅದು ತಡೆಗೋಡೆಯ ತಪ್ಪು" ಎಂದು ಮಾವ ತೀರ್ಮಾನಿಸಿದರು. ಸಂಜೆಯೊಳಗೆ ಆಚೆ ಬೀದಿಯಿಂದ ನಿವೃತ್ತ ರಸ್ತೆ ಇಂಜಿನಿಯರನ್ನು ಕರೆಸಿದರು. ಆತ ಕೊಡೆ ಊರಿಕೊಂಡು ಬಂದು, ನಕ್ಷೆಯ ಮುಂದೆ ನಿಂತು, ಯಾರೂ ಏನೂ ಕೇಳುವ ಮೊದಲೇ ಹೇಳಿದ: "ಈ ಗೋಡೆ ನಾನು ಕಟ್ಟಿಸಿದ್ದಲ್ಲ. ನಾನು ವರ್ಗವಾಗಿ ಹೋದ ಮೇಲೆ ಕಟ್ಟಿದ್ದು."

"ಯಾರು ನಿಮ್ಮದು ಅಂದ್ರು ಸರ್" ಎಂದ ಕಂಡಕ್ಟರು.

"ಅನ್ನೋರು ಅಂತಾರೆ. ಅದಕ್ಕೇ ಮೊದಲೇ ಹೇಳಿದೆ. ನೀರು ಹೋಗೋಕೆ ತೂಬು ಬಿಟ್ಟಿರೋದಿಲ್ಲ. ತೂಬು ಬಿಡದೆ ಗೋಡೆ ಕಟ್ಟಿದ್ರೆ ಎಂಥ ಕಂಪನಿಯಾದ್ರೂ ಕುಸಿಯೋದೇ."

ಸುದ್ದಿ ಪಂಚಾಯಿತಿಯ ಮೆಂಬರಮ್ಮನಿಗೂ ಮುಟ್ಟಿತು. ಘಾಟಿ ರಸ್ತೆ, ಕುಸಿತ, ಬಸ್ಸಿಲ್ಲ ಎಂಬ ಮೂರು ಮಾತು ಕಿವಿಗೆ ಬಿದ್ದದ್ದೇ ಆಕೆ ಬಂದರು. ಎಲ್ಲಿಯ ರಸ್ತೆ ಎಂದು ಕೇಳುವುದು ಆಕೆಯ ಅಭ್ಯಾಸವಲ್ಲ. ಕೇಳಿದರೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಗೊತ್ತಾಗುವ ಅಪಾಯವಿರುತ್ತದೆ. "ಮೇಲಿನವರ ಹತ್ರ ಮಾತಾಡ್ತೀನಿ" ಎಂದು ಹೋದವರು, ಎರಡು ದಿನ ಬಿಟ್ಟು ಮತ್ತೆ ಬಂದು, "ಮಾತಾಡಿದೀನಿ. ಕೆಲಸ ಶುರುವಾಗಿದೆ" ಎಂದರು.

ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ರಿಪೇರಿ. "ಶುರುವಾಗಿದೆಯಾ?" ಎಂದ.

"ಜೆಸಿಬಿ ಬಂದಿದೆ" ಎಂದರು ಮೆಂಬರಮ್ಮ.

ತಾನು ಹೇಳಿದ ಸುಳ್ಳಿಗೆ ಇನ್ನೊಬ್ಬರು ಜೆಸಿಬಿ ಕಳಿಸಿದಾಗ ಮನುಷ್ಯನಿಗೆ ಒಂಥರಾ ಧೈರ್ಯ ಬರುತ್ತದೆ. ರಿಪೇರಿ ದಿನಾ ಬೆಳಿಗ್ಗೆ ಕಾಫಿಯ ಹೊತ್ತಿಗೆ ಮಣ್ಣು ಎಷ್ಟು ತೆಗೆದರು ಎಂದು ತಾನಾಗಿಯೇ ವರದಿ ಕೊಡತೊಡಗಿದ. ಒಂದು ದಿನ ಡೀಸೆಲ್ ಇರಲಿಲ್ಲ. ಇನ್ನೊಂದು ದಿನ ಬಂಡೆ ಸಿಕ್ಕಿತು. ಅವನ ಹೆಂಡತಿ ಮಾತ್ರ ಹಿಂದಿನ ಕೋಣೆಯಲ್ಲಿ ಸೀರೆ ಮಡಚುತ್ತ, "ರೀ, ಆ ಬಂಡೆ ಯಾರ ತಲೆ ಮೇಲೆ ಬೀಳುತ್ತೆ ಅಂತ ಯೋಚನೆ ಮಾಡಿದ್ದೀರಾ?" ಎಂದಳು. ಅವನು ಯೋಚನೆ ಮಾಡಿರಲಿಲ್ಲ.

ಭಾನುವಾರ ಟೈಲ್ಸ್ ಭಾವಮೈದುನ ತಾಯಿಯನ್ನು ನೋಡಲು ಬಂದ. ಹಜಾರದಲ್ಲಿ ಸಭೆ ನಡೆದಿತ್ತು. ಇಂಜಿನಿಯರು ತೂಬಿನ ಬಗ್ಗೆ ಹೇಳುತ್ತಿದ್ದ.

"ಯಾವ ಘಾಟಿ ಅಪ್ಪಾ?" ಎಂದ ಮಗ, ಟಿವಿ ನೋಡಿ. "ಇದಾ? ಇದನ್ನ ನಿನ್ನೆ ಕೂಡ ನಾನು ಹತ್ತಿದೆನಲ್ಲ."

ಮುಂದಿನ ಕೋಣೆಯಲ್ಲಿ ರಿಪೇರಿಯ ಕೈಯಿಂದ ಸ್ಕ್ರೂಡ್ರೈವರು ಬಿತ್ತು. ಇನ್ನೇನು ಎಲ್ಲ ಮುಗಿಯಿತು ಎಂದು ಅವನು ಗೋಡೆಗೆ ಒರಗಿದ. ಆದರೆ ಅನುಭವಸ್ಥರ ಬುದ್ಧಿಯೇ ಬೇರೆ. ಕಂಡಕ್ಟರು ಸ್ವಲ್ಪ ಯೋಚಿಸಿ ಹೇಳಿದ: "ಹಾಗಾದ್ರೆ ಆ ಕಡೆಯಿಂದ ತೆರೆದಿದೆ."

"ಹೌದು ಮತ್ತೆ" ಎಂದರು ಮಾವ. "ಕುಸಿದಿರೋದು ನಮ್ಮ ಕಡೆ. ಅವನ ಮನೆಯಿಂದ ಹೊರಟರೆ ಮೂರನೇ ತಿರುವಿನ ತನಕ ಹೋಗಿ ನೋಡಿಕೊಂಡು ಬರಬಹುದು. ನಡೀರಿ."

"ಮಾವ, ಬಿಸಿಲಿದೆ" ಎಂದು ರಿಪೇರಿ ಓಡಿ ಬಂದ. "ನಾಳೆ ಹೋದ್ರಾಯ್ತು. ಕಲ್ಲು ಉರುಳ್ತಾ ಇರುತ್ತೆ."

"ಕಲ್ಲು ಉರುಳಿದ್ರೆ ನೀವು ಇಳಿದು ತೆಗೀರಿ. ಬನ್ನಿ ನೀವೂ."

ಟೈಲ್ಸ್ ಮನೆಯ ಹಜಾರದಲ್ಲಿ ನೆಲ ಕನ್ನಡಿಯಂತಿತ್ತು. ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಜಾರಬಾರದೆಂದು ಒಬ್ಬರ ಭುಜ ಒಬ್ಬರು ಹಿಡಿದು ಒಳಗೆ ಬಂದರು. ಸೊಸೆ ಬಾಗಿಲಲ್ಲಿ ನಿಂತು ಎಣಿಸಿ, ಎಣಿಕೆ ಮುಗಿಯದೆ ಒಳಗೆ ಹೋದಳು. ಮಾವ ಬಿಳಿ ಪೆಟ್ಟಿಗೆಯ ಸ್ಟೀರಿಂಗು ಹಿಡಿದು, ಎರಡನೇ ಗೇರಿಗೆ ಹಾಕಿ, ಘಾಟಿ ಹತ್ತಿದರು. ಮೊದಲ ತಿರುವು ಬಂತು. ಎರಡನೆಯದು ಬಂತು. ರಿಪೇರಿ ಜೀವನದಲ್ಲಿ ಮೊದಲ ಸಲ ಒಂದು ಗುಡ್ಡ ಕುಸಿಯಲಿ ಎಂದು ಬೇಡಿಕೊಂಡ. ಮೂರನೆಯದು ಬಂತು. ರಸ್ತೆ ಬೆಣ್ಣೆಯಂತೆ ಇತ್ತು.

"ನೋಡಿದ್ರಾ ಗೋಡೆ?" ಎಂದ ಇಂಜಿನಿಯರು ಎದೆಯುಬ್ಬಿಸಿ. "ಇದು ನಾನು ಕಟ್ಟಿಸಿದ್ದು."

"ನಾನು ಹೇಳಿರಲಿಲ್ವಾ, ಕೆಲಸ ಮುಗಿಸಿಕೊಡ್ತಾರೆ ಅಂತ" ಎಂದರು ಮೆಂಬರಮ್ಮ. ಸುದ್ದಿ ತಿಳಿದು ಅವರೂ ಆಟೊ ಹಿಡಿದು ಬಂದಿದ್ದರು.

ಮಾವ ಮಾತ್ರ ಬಸ್ಸನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು. ತಿರುಗಿ ಅಳಿಯನನ್ನು ನೋಡಿದರು. "ಮಣ್ಣು ಎಲ್ಲಿ?"

ಹೇಳಲೇಬೇಕಾಯಿತು. ಕರಿ ಪೆಟ್ಟಿಗೆ, ಬಿಳಿ ಪೆಟ್ಟಿಗೆ, ಒಂದು ವರ್ಷ, ಅಂಗಡಿಯಾಕೆ ಅಂದದ್ದು ಎಲ್ಲವನ್ನೂ ನೆಲದ ಟೈಲ್ಸಿಗೆ ಹೇಳಿದ. ಮಾವ ಶಾಂತವಾಗಿ ಕೇಳಿದರು.

"ಪರ್ಮಿಟ್ಟು ಅನ್ನಿ" ಎಂದರು. "ಒಳ್ಳೆ ರೂಟು ದುಡ್ಡು ಕೊಟ್ಟವನಿಗೆ ಮೊದಲು, ಉಳಿದವರು ಕಾಯೋದು. ನಮ್ಮ ಕಾಲದಲ್ಲಿ ಇಡೀ ಸರ್ವಿಸು ಹೀಗೇ ನಡೀತಿತ್ತು. ಇದರಲ್ಲಿ ಮುಚ್ಚಿಡೋದೇನಿತ್ತು?"

ರಿಪೇರಿ ತಲೆ ಎತ್ತಿದ. "ಅದೇ ಮಾವ, ನಾನೂ—"

"ಸಂಬಳದ ಬಗ್ಗೆ ಸುಳ್ಳು ಹೇಳಿ, ವಯಸ್ಸಿನ ಬಗ್ಗೆ ಹೇಳಿ. ರಸ್ತೆ ಬಗ್ಗೆ ಸುಳ್ಳು ಹೇಳೋರ ಜೊತೆ ನಾನು ಪ್ರಯಾಣ ಮಾಡಲ್ಲ. ಇವತ್ತು ಇಲ್ಲದ ಮಣ್ಣು ಇದೆ ಅಂದೋರು ನಾಳೆ ಇರೋ ಮಣ್ಣು ಇಲ್ಲ ಅಂತೀರಿ." ಮಾವ ಗೇರು ಹಾಕಿದರು. "ನಾನು ಇಲ್ಲೇ ಇರ್ತೀನಿ. ಪರ್ಮಿಟ್ಟು ಇರೋ ಮನೆ ಇದು."

ಅತ್ತೆ ಮರುದಿನವೇ ಬಟ್ಟೆಬರೆ ಕಟ್ಟಿಸಿದರು. ಹೊರಡುವಾಗ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು, "ಬಾಡಿಗೆಯೋರು ನೋಡೋಕೆ ಬರ್ತಾರೆ. ಈ ಮಿಕ್ಸಿಗಳನ್ನ ಸ್ವಲ್ಪ ಒತ್ತರಿಸಿಡಿ, ಕೋಣೆ ದೊಡ್ಡದಾಗಿ ಕಾಣುತ್ತೆ" ಎಂದರು. ಹೆಂಡತಿ ಅಳಲಿಲ್ಲ, ಬೈಯಲಿಲ್ಲ. "ಕಂಪನಿಯಲ್ಲಿ ನಮ್ಮೋರಿದ್ದಾರಲ್ಲ, ಅವರ ಮನೆಯಲ್ಲಿ ಒಂದು ಕೋಣೆ ಕೇಳಿ" ಎಂದಳು ಅಷ್ಟೆ.

ಆದರೆ ತಂದೆತಾಯಿಯರನ್ನು ಅಷ್ಟು ದಿನ ಬಾಯ್ತುಂಬ ಕರೆದ ಮಗನ ಮನೆಯಲ್ಲೂ ಎಲ್ಲ ಸುಗಮವಾಗಿರಲಿಲ್ಲ. ಊರಿನಿಂದ ಮೊದಲ ಬಸ್ಸಿಗೆ ಬೆಂಚಿನವರೆಲ್ಲ ಬಂದಿಳಿಯುತ್ತಿದ್ದರು, ಕೊನೆಯ ಬಸ್ಸಿಗೆ ಹೋಗುತ್ತಿದ್ದರು. ಸೊಸೆಗೆ ತನ್ನ ಹಜಾರ ದಾಟಲು ಕಂಡಕ್ಟರು ಕೈ ತೋರಿಸಬೇಕಿತ್ತು. ಕೆಳಗಿನ ಅಂಗಡಿಗೆ ಬಂದ ಗಿರಾಕಿಗಳು ಮೇಲಿನಿಂದ ಹಾರ್ನು ಕೇಳಿ ಗಾಬರಿಯಾಗಿ ರಸ್ತೆಯ ಬದಿಗೆ ಸರಿಯುತ್ತಿದ್ದರು, ಅಂಗಡಿಯ ಒಳಗಿದ್ದರೂ. ಮೆಂಬರಮ್ಮ ಒಂದು ದಿನ ಟಿವಿಗೆ ಅಡ್ಡಲಾಗಿ ರಿಬ್ಬನ್ನು ಕಟ್ಟಿಸಿ ಘಾಟಿ ರಸ್ತೆಯನ್ನು ಉದ್ಘಾಟಿಸಿದರು. ಇಂಜಿನಿಯರು ಗೋಡೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದ. ಸೊಸೆ ತವರಿಗೆ ಫೋನು ಮಾಡಿದಳು.

ಒಂದು ಮಧ್ಯಾಹ್ನ ಟೈಲ್ಸ್ ಭಾವಮೈದುನ ಇಸ್ತ್ರಿಪೆಟ್ಟಿಗೆ ಹಿಡಿದು ರಿಪೇರಿಯ ಅಂಗಡಿಗೆ ಬಂದ.

"ಇದು ಸರಿಯಾಗೇ ಇದೆಯಲ್ಲಪ್ಪ" ಎಂದ ರಿಪೇರಿ, ಸಿಕ್ಕಿಸಿ ನೋಡಿ.

"ಸರಿಯಾಗೇ ಇದೆ. ಸುಮ್ಮನೆ ಬರೋಕಾಗಲ್ಲ ಅಂತ ತಂದೆ." ಅವನು ಸ್ಟೂಲಿನ ಮೇಲೆ ಕುಸಿದ. "ಭಾವ, ಅಪ್ಪನ್ನ ಕರ್ಕೊಂಡು ಬಂದುಬಿಡಿ."

ರಿಪೇರಿ ಒಳಗೊಳಗೇ ಕುಣಿದ. ಅದೇ ಬೆಳಿಗ್ಗೆ ಬಾಡಿಗೆಯವರು ಬಂದು ಕೋಣೆಯ ಗೋಡೆಗೆ ತಟ್ಟಿ ನೋಡಿ ಹೋಗಿದ್ದರು. ಆದರೆ ಮುಖ ಗಂಭೀರ ಮಾಡಿಕೊಂಡ. "ಮಾವ ಬರೋದು ಘಾಟಿ ಇದ್ದ ಕಡೆಗೆ. ನಮ್ಮಲ್ಲಿ ಎಲ್ಲಿದೆ?"

"ಬಿಳಿ ಪೆಟ್ಟಿಗೆ ನೀವೇ ಇಟ್ಕೊಳ್ಳಿ. ಶೋಕೇಸಲ್ಲಿ ಜಾಗ ಬಣಗುಟ್ಟುತ್ತೆ ಅಂತ ಇವಳು ಅಂತಾಳೆ, ನಿಮ್ಮ ಕರಿದು ಕೊಟ್ರೆ ಸಾಕು."

ಒಂದು ವರ್ಷ ಕಾಯಬೇಕಾದ ಪೆಟ್ಟಿಗೆ ಕೊಟ್ಟು ಇಂದೇ ಓಡುವ ಪೆಟ್ಟಿಗೆ ಪಡೆಯುವುದು. ಇಂಥ ವ್ಯಾಪಾರ ಮನುಷ್ಯನ ಬದುಕಿನಲ್ಲಿ ಒಮ್ಮೆ ಬರುತ್ತದೆ. ರಿಪೇರಿ ಸ್ವಲ್ಪ ಹೊತ್ತು ಮನಸ್ಸಿಲ್ಲದವನಂತೆ ನಟಿಸಿ, ಕರಿ ಪೆಟ್ಟಿಗೆಯನ್ನು ತಾನೇ ಬಟ್ಟೆಯಲ್ಲಿ ಒರೆಸಿ, ತಂತಿ ಸುತ್ತಿ, ಭಾವಮೈದುನನ ಸ್ಕೂಟರಿನ ಹಿಂದೆ ಕಟ್ಟಿಕೊಟ್ಟ.

ಮಾವ ಪೆಟ್ಟಿಗೆಯ ಹಿಂದೆಯೇ ಬಂದರು. ಪರ್ಮಿಟ್ಟು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾವಣೆಯಾಗುವುದು ಅವರ ದೃಷ್ಟಿಯಲ್ಲಿ ಕ್ರಮಬದ್ಧವಾದ ಸಂಗತಿ. ಅತ್ತೆ ಬಂದು ಬಾಡಿಗೆಯವರಿಗೆ ಇಲ್ಲ ಎಂದು ಹೇಳಿ ಕಳಿಸಿದರು. ಬೆಂಚು ಮತ್ತೆ ಗೋಡೆಗೆ ಬಂತು. ಮಾವ ಅಳಿಯನೊಡನೆ ಮಾತಾಡುತ್ತಿರಲಿಲ್ಲ, ಆದರೆ ಅವನು ಬೆಂಚಿನ ತುದಿಗೆ ಬಂದು ಕೂತರೆ ಇಳಿಯಿರಿ ಎಂದೂ ಅನ್ನುತ್ತಿರಲಿಲ್ಲ. ರಿಪೇರಿ ಊರಿಡೀ ಆ ವ್ಯಾಪಾರದ ಕಥೆ ಹೇಳಿಕೊಂಡು ತಿರುಗಿದ. ಕೇಳಿದವರು ಹೌದೌದು ಎಂದು ಮಿಕ್ಸಿ ವಾಪಸು ಕೇಳಿದರು.

ಒಂದು ಸಂಜೆ ಬಸ್ಸು ಘಾಟಿಯ ನೆತ್ತಿ ತಲುಪಿದಾಗ ಟಿವಿಯಲ್ಲಿ ಹೊಸ ಚಿತ್ರ ಬಂತು. ನೀಲಿ ಸಮುದ್ರ, ಅಂಚಿನಲ್ಲೇ ರಸ್ತೆ, ದೂರದಲ್ಲಿ ದೀಪಸ್ತಂಭ. ಮಾವ ಗುಂಡಿ ಒತ್ತಿದರು. ಸಣ್ಣಕ್ಷರದಲ್ಲಿ ಏನೋ ಬಂತು. ಕಂಡಕ್ಟರು ಕನ್ನಡಕ ಏರಿಸಿ, ಹತ್ತಿರ ಹೋಗಿ, ಮೊದಲು ಮನಸ್ಸಿನಲ್ಲೇ ಓದಿ, ಆಮೇಲೆ ರಿಪೇರಿಯ ಮುಖ ನೋಡಿದ. ಅಷ್ಟರಲ್ಲಿ ರಿಪೇರಿಯೂ ಓದಿದ್ದ. ಈ ಸಲ ದುಡ್ಡು ಕೊಟ್ಟವರು ಕರಿ ಪೆಟ್ಟಿಗೆಯವರು.

"ಏನಂತೆ?" ಎಂದರು ಮಾವ, ಸ್ಟೀರಿಂಗಿನಿಂದ ಕೈ ತೆಗೆಯದೆ. ಎಷ್ಟೋ ದಿನದ ಮೇಲೆ ಅಳಿಯನಿಗೆಂದೇ ಕೇಳಿದ ಮಾತು ಅದು.

ರಿಪೇರಿ ಬಾಯಿ ತೆರೆದ. ಸಮುದ್ರ ಎಂದರೆ ಅಲೆಯಿದೆ, ಬಿರುಗಾಳಿಯಿದೆ, ಸೇತುವೆ ಕೊಚ್ಚಿಹೋಗುವುದಿದೆ. ಗುಡ್ಡಕ್ಕಿಂತ ಎಷ್ಟೋ ಅನುಕೂಲ. ಇಂಜಿನಿಯರು ಆಗಲೇ ಕೊಡೆ ಊರಿಕೊಂಡು ಎದ್ದು ನಿಂತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೌಟು ಹಿಡಿದು ನಿಂತಿದ್ದರು, ಅವರ ಹಿಂದೆ ಹೆಂಡತಿ. ರಿಪೇರಿ ಬಾಯಿ ಮುಚ್ಚಿದ. ಮತ್ತೆ ತೆರೆದ.

"ರಸ್ತೆ ಚೆನ್ನಾಗಿದೆ ಮಾವ" ಎಂದ. "ತೆರೆದಿದೆ. ನಿಮ್ಮ ಮಗನ ಮನೆಯಲ್ಲಿ."

ಮಾವ ಅವನನ್ನು ದೀರ್ಘವಾಗಿ ನೋಡಿ, ತಲೆಯಾಡಿಸಿದರು. "ಈಗ ಸರಿಯಾಗಿ ಹೇಳಿದ್ರಿ" ಎಂದರು. ಮದುವೆಯಾದಂದಿನಿಂದ ಅಳಿಯನಿಗೆ ಅವರಿಂದ ಸಿಕ್ಕ ಮೊದಲ ಮೆಚ್ಚುಗೆ ಅದು. ಬಸ್ಸನ್ನು ನೆತ್ತಿಯಲ್ಲಿ ಜೋಪಾನವಾಗಿ ನಿಲ್ಲಿಸಿ, ಎದ್ದು, ಅಳಿಯನ ಬೆನ್ನು ತಟ್ಟಿ, ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿದರು. ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಅವರ ಹಿಂದೆ ಹೊರಟರು. ಅತ್ತೆ ಸೌಟನ್ನು ಮಗಳ ಕೈಗೆ ಕೊಟ್ಟು, ಗಂಟು ಕಟ್ಟಲೆಂದು ಒಗೆದ ಬಟ್ಟೆ ತರಲು ಹಿತ್ತಲಿಗೆ ಹೋದರು.